ಹೆರಿಗೆ ಕೋಣೆಯಲ್ಲಿ ಹಾಡು, ತೂಗಾಟ: ಯಾವಾಗ ಶುರು, ಎಷ್ಟು ಹೊತ್ತು, ಯಾರಿಗೆ ಬೇಡ?

ಘಟಪ್ರಭಾ_ವಾರ್ಡ್ (ಬಾಗಲಕೋಟೆ ಜಿಲ್ಲೆ)

ಎಲ್ಲಾರಿಗೂ ನಮಸ್ಕಾರ್ರಿ. ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಶುಶ್ರೂಷಾಧಿಕಾರಿ ಕೆಲಸ ನನ್ನದು. ನಾಲ್ಕು ಟೇಬಲ್, ನಡುವೆ ಪರದೆ, ಹೊರಗೆ ಉದ್ದನೆಯ ವರಾಂಡ. ಹೆರಿಗೆ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಜೊತೆಗಿರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. 2017ರ ಕೊನೆಗೆ ‘ಲಕ್ಷ್ಯ’ (ಹೆರಿಗೆ ಕೋಣೆಯ ಗುಣಮಟ್ಟ ಸುಧಾರಿಸೋ ಕೇಂದ್ರದ ಕಾರ್ಯಕ್ರಮ) ಬಂದ ಮೇಲೆ ಅದನ್ನ ತಪಾಸಣೆಯಲ್ಲೂ ಕೇಳ್ತಾರೆ. ಆದರೆ ಒಳಗೆ ಬಂದ ಅವ್ವ, ಅಕ್ಕ, ನೆಗೆಣ್ಣಿ ಏನು ಮಾಡಬೇಕು ಅನ್ನೋದನ್ನ ಯಾರೂ ಹೇಳಿಕೊಡೋದಿಲ್ಲ. ತಲೆ ಹತ್ರ ನಿಂತು ‘ತಡಕೊ ತಂಗಿ, ತಡಕೊ’ ಅನ್ನೋದು, ಇಲ್ಲಾ ಆಕೀಗಿಂತ ಮೊದಲು ತಾವೇ ಅಳೋದು.

ಬ್ಯಾನಿ ಬಂದಾಗ ನಿಂತು ಸೊಂಟ ತೂಗಾಡಿಸೋದು, ಹಿಂದಿನಿಂದ ನಡ ಒತ್ತೋದು, ಜೊತೆಗೆ ಹಾಡು ಹಚ್ಚೋದು, ಇದರಿಂದ ನೋವು ಮತ್ತು ಹೆದರಿಕೆ ಎರಡೂ ಇಳೀತಾವ ಅಂತ ಓದಿದ್ದೇನೆ. ಪ್ರತಿ ತಿಂಗಳು 9ನೇ ತಾರೀಖು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಬಸಿರಿ ಹೆಣ್ಣುಮಕ್ಕಳು ಬರ್ತಾರಲ್ಲ, ಸರದಿಗೆ ಕೂತಾಗ ಹದಿನೈದು ನಿಮಿಷ ಅವರಿಗೂ ಅವರ ಜೊತೆ ಬಂದವರಿಗೂ ಕಲಿಸಬೇಕು ಅಂತ ವಿಚಾರ.

ಗರ್ಭಕೊರಳು (ಗರ್ಭಚೀಲದ ಬಾಯಿ) ಎಷ್ಟು ಸೆಂ.ಮೀ. ತೆರೆದ ಮೇಲೆ ಶುರು ಮಾಡಿಸಬೇಕು? ಒಮ್ಮೆಗೆ ಎಷ್ಟು ಹೊತ್ತು? ಒಂದೇ ಕೋಣೆಯಲ್ಲಿ ನಾಲ್ಕು ಮಂದಿ ಇದ್ದಾಗ ಹಾಡಿನ ವ್ಯವಸ್ಥೆ ಹೆಂಗ? ಯಾರಿಗೆ ಮಾಡಿಸಲೇಬಾರದು? ಸಾಮಾನು ಕೊಳ್ಳಲಿಕ್ಕೆ ದುಡ್ಡು ಹೆಚ್ಚಿಲ್ಲ. ‘ಸಕಾರಾತ್ಮಕವಾಗಿ ಯೋಚಿಸಿ’ ಅನ್ನೋ ಥರದ ಉತ್ತರ ಬ್ಯಾಡ್ರಿ, ಕೈಯಿಂದ ಮಾಡೋ ಹಂಗ ಹೇಳ್ರಿ.

ಮಾರ್ಕಂಡೇಯ_ದಂಡಿ (ಬೆಳಗಾವಿ, ಮಿಡ್‌ವೈಫರಿ ತರಬೇತಿ)

ಮೊದಲು ಯಾವಾಗ ಅನ್ನೋದು, ಯಾಕಂದ್ರೆ ಕೆಡೋದು ಅಲ್ಲೇ. ಬ್ಯಾನಿ ಹತ್ತಿದ ಕೂಡಲೇ ಎಬ್ಬಿಸಿ ನಿಲ್ಲಿಸಬೇಡಿ. ಗರ್ಭಕೊರಳು 5 ಸೆಂ.ಮೀ. ತೆರೆಯುವ ತನಕದ್ದು ಸುಪ್ತ ಹಂತ. ಚೊಚ್ಚಲಿನವರಿಗೆ ಅದು ಇಡೀ ರಾತ್ರಿ ಎಳೆಯಬಹುದು, ಅದಕ್ಕೂ ಹೆಚ್ಚಾಗಬಹುದು. ಆ ಹೊತ್ತಿನಲ್ಲಿ ಊಟ, ನಿದ್ದೆ, ನಡುನಡುವೆ ವರಾಂಡದಲ್ಲಿ ನಾಲ್ಕು ಹೆಜ್ಜೆ, ಇಷ್ಟೇ ಸಾಕು. ಮೊದಲ ಬ್ಯಾನಿಯಿಂದಲೇ ತೂಗಾಡಿದವಳು ನಿಜವಾದ ಕೆಲಸ ಶುರುವಾಗುವ ಹೊತ್ತಿಗೆ ಕಾಲಲ್ಲಿ ಕಸುವಿಲ್ಲದೆ ಕೂತುಬಿಡ್ತಾಳೆ. ಆಮೇಲೆ ‘ಕುಣಿದದ್ದಕ್ಕೇ ಹಿಂಗಾತು’ ಅಂತ ಮನೆಯವರ ಮಾತು ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ ಸಕ್ರಿಯ ಹಂತವನ್ನು 5 ಸೆಂ.ಮೀ.ನಿಂದ ಎಣಿಸಲು ಹೇಳಿದೆ. ಚೊಚ್ಚಲಿಗೆ ಅದು ಸಾಮಾನ್ಯವಾಗಿ 12 ಗಂಟೆ ಮೀರೋದಿಲ್ಲ, ಮುಂದಿನವಕ್ಕೆ 10. ಬೆರಳಿನ ಲೆಕ್ಕದಲ್ಲಿ ಹೇಳುವ ಸಿಸ್ಟರ್‌ಗಳು ನಿಮ್ಮಲ್ಲಿದ್ದರೆ ಒಂದು ಬೆರಳಿಗೆ ಸುಮಾರು ಒಂದೂವರೆ ಸೆಂ.ಮೀ. ಹಿಡಿಯಿರಿ. ಒಳತಪಾಸಣೆ ಮಾಡದೆಯೂ ಅಂದಾಜು ಸಿಗ್ತದೆ. ಹೊಟ್ಟೆಯ ಮೇಲ್ಭಾಗಕ್ಕೆ ಅಂಗೈ ಇಟ್ಟು 10 ನಿಮಿಷ ಎಣಿಸಿ. ಮೂರು ಬ್ಯಾನಿ ಬಂದು, ಪ್ರತಿಯೊಂದು 40 ಸೆಕೆಂಡಿಗೂ ಮೀರಿ ಹೊಟ್ಟೆಯನ್ನು ಕಲ್ಲಾಗಿಸಿದರೆ, ಬ್ಯಾನಿ ನಡುವೆ ಆಕೆಗೆ ಮಾತು ಬೇಡವಾದರೆ, ಹೊತ್ತು ಬಂದಿದೆ.

ಇನ್ನು ನಿಲುವು. ಗರ್ಭಿಣಿ ಮತ್ತು ಜೊತೆಗಾತಿ ಎದುರುಬದುರು. ಗರ್ಭಿಣಿಯ ಪಾದಗಳ ನಡುವೆ ಹೆಗಲಿನಷ್ಟು ಅಗಲ, ಮೊಣಕಾಲು ಸ್ವಲ್ಪ ಸಡಿಲ. ಮೊಣಕಾಲು ಬಿಗಿ ಹಿಡಿದರೆ ಸೊಂಟ ಆಡೋದೇ ಇಲ್ಲ, ಬರೀ ಭುಜ ಆಡ್ತದೆ. ಆಕೆ ಎರಡೂ ತೋಳು ಜೊತೆಗಾತಿಯ ಹೆಗಲ ಮೇಲೆ ಇಳಿಬಿಟ್ಟು ಹಣೆಯನ್ನು ಅಲ್ಲೇ ಊರಬೇಕು. ತೋಳು ಎತ್ತಿ ಹಿಡಿಯಬಾರದು, ಭಾರ ಬಿಡಬೇಕು. ಭಾರ ಬಿಟ್ಟಿದ್ದಾಳೋ ಇಲ್ಲವೋ ತಿಳಿಯೋದು ದವಡೆಯಲ್ಲಿ: ಹಲ್ಲು ಕಚ್ಚಿದ್ದರೆ ಕೆಳಗೂ ಬಿಗಿದಿದ್ದಾಳೆ ಅಂತಲೇ.

ಬ್ಯಾನಿ ಇಲ್ಲದಾಗ ಎಡಕ್ಕೆ-ಬಲಕ್ಕೆ ನಿಧಾನ ತೂಗಾಟ, ಒಂದು ಉಸಿರಿಗೆ ಒಂದು ಕಡೆ. ಬ್ಯಾನಿ ಏರುವಾಗ ಸೊಂಟವನ್ನು ದುಂಡಗೆ ತಿರುಗಿಸೋದು, ಬಲಸುತ್ತು ಎಂಟು-ಹತ್ತು, ಮತ್ತೆ ಎಡಸುತ್ತು ಅಷ್ಟೇ. ಇಳಿದ ಮೇಲೆ ಬಾಯಿಯಿಂದ ಒಂದು ದೊಡ್ಡ ಉಸಿರು ಹೊರಗೆ, ಎರಡು ಗುಟುಕು ನೀರು. ಒಂದು ಸಲಕ್ಕೆ 20–30 ನಿಮಿಷ, ಆಮೇಲೆ ಎಡಮಗ್ಗುಲಾಗಿ ಇಲ್ಲವೇ ಕೂತು ವಿಶ್ರಾಂತಿ, ಮತ್ತೆ ಬೇಕಾದರೆ ಏಳೋದು. 2014ರಲ್ಲಿ ಇರಾನಿನಲ್ಲಿ 60 ಚೊಚ್ಚಲ ಗರ್ಭಿಣಿಯರ ಮೇಲೆ ನಡೆಸಿದ ಅಧ್ಯಯನದಲ್ಲೂ ಕನಿಷ್ಠ 30 ನಿಮಿಷ ನಿಂತು ಸೊಂಟ ತಿರುಗಿಸೋದು, ಅದರ ಜೊತೆಗೇ ಜೊತೆಗಾರರಿಂದ ಬೆನ್ನು ಮತ್ತು ತ್ರಿಕಾಸ್ಥಿಯ (ನಡದ ಕೆಳಗಿನ ಎಲುಬಿನ) ಮಾಲೀಶು ಇತ್ತು. ಆ ಗುಂಪಿನಲ್ಲಿ ನೋವು ಕಡಿಮೆ, ಸಮಾಧಾನ ಹೆಚ್ಚು. ಎರಡೂ ಒಟ್ಟಿಗೇ ಇದ್ದವು ಅನ್ನೋದನ್ನ ಮರೀಬೇಡಿ. ಕೈ ಹಚ್ಚದ ಬರೀ ಕುಣಿತಕ್ಕೆ ಆ ಫಲ ಸಿಗ್ತದೆ ಅಂತ ಅದರಿಂದ ಹೇಳಲಿಕ್ಕೆ ಬರೋದಿಲ್ಲ.

ಕೈ ಎಲ್ಲಿ ಇಡಬೇಕು? ಬೆನ್ನುಮೂಳೆಯ ಗಂಟುಗಳು ಮುಗಿದು ಪಿರ್ರೆಯ ಸೀಳು ಶುರುವಾಗುವ ಜಾಗದಲ್ಲಿ ಒಂದು ಚಪ್ಪಟೆ ಮುಕ್ಕೋನ ಎಲುಬು ಕೈಗೆ ಸಿಗ್ತದೆ, ಅದೇ ತ್ರಿಕಾಸ್ಥಿ. ಅದರ ಮೇಲೆ ಅಂಗೈಯ ಬುಡ ಊರಿ, ಬ್ಯಾನಿ ಏರಿದ ಕ್ಷಣದಿಂದ ಇಳಿಯುವ ತನಕ ಒಂದೇ ಸಮ ಒತ್ತಬೇಕು. ಉಜ್ಜೋದಲ್ಲ, ಒತ್ತೋದು. ಅದಕ್ಕಿಂತ ಮೇಲೆ, ಬೆನ್ನುಮೂಳೆಯ ಗಂಟುಗಳ ಮೇಲೆ ಒತ್ತಬಾರದು. ಎದುರು ನಿಂತವಳ ಕೈ ಅಲ್ಲಿಗೆ ನೆಟ್ಟಗೆ ಮುಟ್ಟದಿದ್ದರೆ ಗರ್ಭಿಣಿಯನ್ನು ಟೇಬಲ್ಲಿಗೆ ದಿಂಬು ಇಟ್ಟು ಮುಂದಕ್ಕೆ ಒರಗಿಸಿ, ಜೊತೆಗಾತಿ ಹಿಂದೆ ನಿಲ್ಲಲಿ. ತೋಳಿನ ಕಸುವಿನಿಂದ ಒತ್ತಿದರೆ ಹತ್ತು ಬ್ಯಾನಿಗೆ ಸುಸ್ತು. ಮೊಣಕೈ ನೇರ ಮಾಡಿ ಮೈಭಾರ ಹಾಕಿದರೆ ಬಹಳ ಹೊತ್ತು ನಡೀತದೆ.

ಸಣ್ಣವು ಅನ್ನಿಸುವ ಮೂರು ಮಾತು. ಕುಬಸದಲ್ಲಿ (ಸೀಮಂತದಲ್ಲಿ) ಇಡಿಸಿದ ಹಸಿರು ಗಾಜಿನ ಬಳೆ ಕೈತುಂಬ ಇರ್ತಾವೆ. ಹೆಗಲು ಹಿಡಿದಾಗ ಒಡೆದು ಚುಚ್ತಾವೆ, ಕ್ಯಾನುಲಾ (ಡ್ರಿಪ್ಪಿನ ಸೂಜಿನಳಿಗೆ) ಹಾಕಿದ ಕೈಯಲ್ಲಂತೂ ಬೇಡವೇ ಬೇಡ. ತೆಗೆಯಲಿಕ್ಕೆ ಹಿರಿಯರು ಒಪ್ಪದಿದ್ದರೆ ಬಟ್ಟೆಪಟ್ಟಿ ಸುತ್ತಿ. ಜೊತೆಗಾತಿಯ ಉಂಗುರ, ಬಳೆಗೆ ಮಾತ್ರ ರಿಯಾಯಿತಿ ಇಲ್ಲ. ಎರಡನೆಯದು, ನೀರೊಡೆದ ನೆಲ ಎಣ್ಣೆ ಚೆಲ್ಲಿದ ಹಾಗೆ ಜಾರ್ತದೆ. ರಬ್ಬರ್ ಚಪ್ಪಲಿ, ಒಣ ಹಾಸು, ಪಕ್ಕದಲ್ಲೇ ಒರೆಸುವ ಬಟ್ಟೆ ಇರಲಿ. ಸೀರೆ ಬೇಡ, ಪಾದಕ್ಕೆ ಸಿಗದ ನೈಟಿ ಇರಲಿ. ಮೂರನೆಯದು ಮೂತ್ರ: ಎರಡು ಗಂಟೆಗೊಮ್ಮೆ ಕಳಿಸಿ. ತುಂಬಿದ ಮೂತ್ರಕೋಶ ಕೂಸಿನ ತಲೆಗೆ ಅಡ್ಡ ಕೂತಿದ್ದರೆ ಎಷ್ಟು ತೂಗಾಡಿದರೂ ತಲೆ ಇಳಿಯೋದಿಲ್ಲ.

ಬೀಸುಕಲ್ಲು (ಮುಧೋಳ ಕಡೆ)

ಹಾಡಿನ ಬಗ್ಗೆ ನಾ ಹೇಳತೇನ್ರಿ, ಜನಪದ ಹಾಡು ಕಲಸೋದು ನನ್ನ ಕೆಲಸ.

‘ವಿಶ್ರಾಂತಿ ಸಂಗೀತ’ ಅಂತ ಮೊಬೈಲಿನ್ಯಾಗ ಸಿಗೋ ಕೊಳಲು, ನೀರಿನ ಸಪ್ಪಳ ಎಲ್ಲಾ ಕೇಳಾಕ ಚಂದ. ಆದ್ರ ಹೆದರಿದ ಹೆಣ್ಣುಮಗಳಿಗೆ ಗೊತ್ತಿಲ್ಲದ ಹಾಡಿಗಿಂತ ಗೊತ್ತಿದ್ದ ಹಾಡು ಲೇಸು. ಮುಂದಿನ ಸಾಲು ಯಾವುದು ಅಂತ ಮನಸು ತಾನೇ ಕಾಯತೈತಿ, ಅಷ್ಟರಾಗ ಬ್ಯಾನಿ ಅರ್ಧ ಇಳಿದಿರತೈತಿ. ಅದಕ ಮೊದಲ ಕೇಳ್ರಿ, ‘ನಿನಗ ಯಾವ ಹಾಡು ಬರತೈತಿ?’ ಅಂತ. ಭಜನಿ, ವಚನ, ಸೋಬಾನ ಪದ, ಸಿನಿಮಾದ್ದು, ಯಾವುದಾರ ಇರಲಿ. ಬೆಳಗಾವಿ ಕಡೆ ಮರಾಠಿ ಮಾತಾಡೋರು ಬೀಸುವಾಗ ಹಾಡೋ ಓವಿ ಅದಾವ. ವಿಜಯಪುರದ ತಾಂಡಾದಿಂದ ಬಂದಾಕಿಗೆ ಲಂಬಾಣಿ ಹಾಡು, ಮುಸಲ್ಮಾನರ ಮನಿ ಹೆಣ್ಣುಮಗಳಿಗೆ ಆಕಿ ಕೇಳಿ ಬೆಳೆದ ನಾತ್ (ಪ್ರವಾದಿಯ ಸ್ತುತಿ ಹಾಡು). ಆಸ್ಪತ್ರೆಯವರು ಒಂದೇ ಹಾಡು ಎಲ್ಲಾರಿಗೂ ಹಚ್ಚೋದು ಸರಿ ಅಲ್ಲ.

ಲಯದ ಲೆಕ್ಕ ಹೇಳತೇನಿ. ನಿಮಿಷಕ್ಕ 60ರಿಂದ 80 ಪೆಟ್ಟು ಇರಬೇಕು, ಗಡಿಯಾರದ ಸೆಕೆಂಡ್ ಮುಳ್ಳಿಗೆ ಚಪ್ಪಾಳಿ ತಟ್ಟಿದ್ರ 60. ಆ ಓಟಕ್ಕ ಕುಂತದ್ದು ನಮ್ಮ ಬೀಸುವ ಪದ. ಕಲ್ಲು ತಿರುಗೋ ಓಟಕ್ಕ ಹುಟ್ಟಿದ ಹಾಡು ಅದು, ಸೊಂಟ ದುಂಡಗ ತಿರುಗಸಾಕ ಬ್ಯಾರೆ ತಾಳ ಹುಡುಕೋ ಜರೂರ ಇಲ್ಲ. ತ್ರಿಪದಿ ಮೂರು ಸಾಲಿಂದು ಖರೆ, ಆದ್ರ ಹಾಡೋವಾಗ ಎರಡನೇ ಸಾಲಿನ ತುಣುಕು ಮತ್ತ ತಿರುವಿ ಹಾಡತೀವಿ, ಅದಕ ಅದು ನಾಲ್ಕು ಸಾಲಾಗತೈತಿ. ಸಾಲಿಗೊಂದು ಉಸಿರು ಹಿಡದ್ರ ಒಂದು ಬ್ಯಾನಿಗೆ ಎರಡು ಪದ ಸಾಕು. ಜೊತೆಗಾತಿ ಹಾಡಬೇಕು. ಬಸರಿ ಹೆಂಗಸು ಹಾಡಬೇಕಂತಿಲ್ಲ, ಸಾಲಿನ ಕಡೀ ಅಕ್ಷರ ಹಿಡಕೊಂಡು ‘ಹೂಂ’ ಅಂತ ಇಲ್ಲಾ ‘ಓ’ ಅಂತ ಕೆಳಗಿನ ಧ್ವನಿಯಾಗ ಉದ್ದಕ ಎಳೀಬೇಕು. ಧ್ವನಿ ಮ್ಯಾಲ ಏರಿ ಚೀರಿದಂಗ ಆತಂದ್ರ ಗಂಟಲು ಬಿಗೀತು ಅಂತ ತಿಳೀರಿ. ಆಗ ಜೊತೆಗಾತಿ ತನ್ನ ಧ್ವನಿ ಇಳಿಸಬೇಕು, ಆಕಿನೂ ಹಿಂದ ಬರತಾಳ.

ಭಜನಿ ಬಗ್ಗೆ ಒಂದು ಎಚ್ಚರಿಕಿ. ನಮ್ಮ ಭಜನಿ ಪದ ನಿಧಾನ ಸುರು ಆಗಿ ಕಡೀಕ ದುಪ್ಪಟ್ಟು ಓಟಕ್ಕ ಹೋಗತಾವ, ತಾಳದ ಸಪ್ಪಳ ಬ್ಯಾರೆ. ಅದರ ಹಿಂದ ಉಸಿರೂ ಓಡತೈತಿ. ಭಸಭಸ ಉಸಿರು ಬಿಟ್ರ ಬಾಯಿಸುತ್ತ, ಬೆರಳತುದಿ ಜುಂ ಅಂತಾವ, ತಲಿ ಗಿರ್ರ್ ಅಂತೈತಿ. ಭಜನಿ ಬೇಕಂದ್ರ ಮೊದಲಿನ ನಿಧಾನದ ಭಾಗ ಅಷ್ಟೇ ಹಾಡ್ರಿ, ತಾಳ ಬಿಟ್ಟು. ಕೋಲಾಟ, ಫುಗಡಿ, ಡೊಳ್ಳಿನ ಪದ ಇಲ್ಲಿ ನಡಿಯಂಗಿಲ್ಲ. ಅವು ಮದವಿ ಮನಿಗೆ ಇರಲಿ.

ಮೊಬೈಲಿನ್ಯಾಗ ಹಚ್ಚೋದಾದ್ರ ಹಾಡು ಮೊದಲ ಇಳಿಸಿಕೊಂಡು ಇಟ್ಕೋರಿ. ನೆಟ್ಟಿನ ಮ್ಯಾಲೆ ಹಚ್ಚಿದ್ರ ಬ್ಯಾನಿ ನೆತ್ತಿಗೇರಿದಾಗ ಸಾಬೂನಿನ ಜಾಹೀರಾತು ಒದರತೈತಿ. ಫ್ಲೈಟ್ ಮೋಡಿಗೆ ಹಾಕ್ರಿ, ಇಲ್ಲಾಂದ್ರ ‘ಹಡದ್ಲೇನ?’ ಅಂತ ಇಡೀ ಓಣಿಯವರು ಫೋನ್ ಮಾಡತಾರ. ನಾಲ್ಕು ಮಂದಿ ಇರೋ ಕೋಣಿಯಾಗ ಸ್ಪೀಕರ್ ಬ್ಯಾಡ. ಇಯರ್‌ಫೋನ್ ಒಂದೇ ಕಿವಿಗೆ ಹಾಕ್ರಿ, ಇನ್ನೊಂದು ಕಿವಿ ಸಿಸ್ಟರ್ ಮಾತಿಗೆ ಇರಲಿ. ಪರದೆ ಈಚೆ ಪಿಸುಮಾತಿನಷ್ಟು ಧ್ವನಿಯಾಗ ಜೊತೆಗಾತಿ ಕಿವಿ ಹತ್ರ ಹಾಡೋದು ಎಲ್ಲಕ್ಕಿಂತ ಚಲೋ. ಅದಕ ಚಾರ್ಜು ಬ್ಯಾಡ, ಕರೆಂಟ್ ಬ್ಯಾಡ.

ಮತ್ತ, ಹಾಡು ಬ್ಯಾಡಾಗೋ ಹೊತ್ತು ಒಂದು ಬರತೈತಿ. 8 ಸೆಂ.ಮೀ. ದಾಟಿದ ಮ್ಯಾಲೆ ಭಾಳ ಮಂದಿ ‘ಬಂದ್ ಮಾಡ’ ಅಂತಾರ, ಕೈ ಝಾಡಸತಾರ. ಬಂದ್ ಮಾಡ್ರಿ. ಸಿಟ್ಟಿಗೇಳಬ್ಯಾಡ್ರಿ.

ಗೋಳಗುಮ್ಮಟ_ಫಿಸಿಯೋ (ವಿಜಯಪುರ)

ಮೇಲಿನ ಎರಡೂ ಉತ್ತರ ಬರೋಬ್ಬರಿ ಅವ. ಸಾಮಾನಿನ ಬಗ್ಗೆ ಮತ್ತ ನಡನೋವಿನ ಬಗ್ಗೆ ನಂದೊಂದಿಷ್ಟು.

ದುಡ್ಡು ಇಲ್ಲ ಅಂದ್ರಿ. ಖರೇ ಅಂದ್ರ ಬೇಕಾಗೋದು ಒಂದು ಗಟ್ಟಿ ಗೋಡೆ, ಎರಡು ದಿಂಬು, ಒಂದು ಕಾಲ್ಮಣೆ. ಒಂದ್ ಚೂರು ದುಡ್ಡು ಸಿಕ್ಕರ ದೊಡ್ಡ ರಬ್ಬರ್ ಚೆಂಡು ಒಂದು ತರಸ್ರಿ, ಒಮ್ಮಿಗೇ ಒಡಿಯದ ಜಾತಿದು, ಡಬ್ಬದ ಮ್ಯಾಲ ‘ಆಂಟಿ ಬರ್ಸ್ಟ್’ ಅಂತ ಬರದಿರ್ತದ. ಅಳತಿಯೊಳಗ ಎಲ್ಲಾರೂ ತಪ್ತಾರ, 75 ಸೆಂ.ಮೀ. ತಂದು ಬಿಡ್ತಾರ. ನಮ್ಮ ಕಡೆ ಹೆಣ್ಣುಮಕ್ಕಳು ಹೆಚ್ಚಾಗಿ ಐದು ಅಡಿ ಆಸುಪಾಸು, ಅವರಿಗೆ 55 ಸೆಂ.ಮೀ. ಸಾಕು. ಐದು ಅಡಿ ಮೂರು ಇಂಚಿಗಿಂತ ಎತ್ತರದವರಿಗೆ 65. ಕುಂತಾಗ ಪಾದ ಪೂರಾ ನೆಲಕ್ಕ ಊರಬೇಕು, ಮೊಣಕಾಲಿಗಿಂತ ಸೊಂಟ ಒಂಚೂರು ಮ್ಯಾಲ ಇರಬೇಕು. ಸೊಂಟ ಕೆಳಗ ಹೋತಂದ್ರ ಗಾಳಿ ಕಡಿಮಿ ಅದ ಅಂತ. ಫರಸಿ ಕಲ್ಲಿನ ನೆಲದಾಗ ಚೆಂಡು ಉರುಳಿ ಹೋಗ್ತದ, ಕೆಳಗ ರಬ್ಬರ್ ಚಾಪಿ ಹಾಸ್ರಿ. ಜೊತೆಗಾತಿ ಹಿಂದ ಕುರ್ಚಿ ಹಾಕ್ಕೊಂಡು ಕುಂತು ಆಕಿ ಸೊಂಟದ ಎರಡೂ ಕಡೆ ಹಿಡೀಲಿ. ಬ್ಯಾರೇದವರಿಗೆ ಕೊಡೋ ಮುಂದ ಮ್ಯಾಲಿನ ಬಟ್ಟಿ ತಗದು, ಕಲೆ ಬಿದ್ದಿದ್ರ 0.5% ಹೈಪೋಕ್ಲೋರೈಟ್ (ಕ್ಲೋರಿನ್ ದ್ರಾವಣ) ಹಚ್ಚಿ 10 ನಿಮಿಷ ಬಿಟ್ಟು, ಆಮ್ಯಾಲ ಸಾದಾ ನೀರಲೆ ಒರಸ್ರಿ. ಕ್ಲೋರಿನ್ ಹಂಗೇ ಬಿಟ್ರ ರಬ್ಬರ್ ಬಿರಿತದ.

ನೋವು ಹೊಟ್ಟಿಗಿಂತ ನಡದಾಗೇ ಹೆಚ್ಚು, ಬ್ಯಾನಿ ಬಿಟ್ಟ ಮ್ಯಾಲೂ ನಡ ಹಿಡಕೊಂಡೇ ಇರ್ತಾಳ ಅಂದ್ರ, ಕೂಸಿನ ಬೆನ್ನು ತಾಯಿ ಬೆನ್ನಿನ ಕಡೆ ಇರೋ ಸಾಧ್ಯತಾ ಅದ. ಅಂಥವ್ರಿಗೆ ಎದುರುಬದುರು ನಿಂತು ತೂಗಾಡೋದರಿಂದ ಹೆಚ್ಚು ಆರಾಮ ಸಿಗಂಗಿಲ್ಲ. ನಾಲ್ಕು ಕಾಲ ಮ್ಯಾಲ ನಿಲ್ಲಸ್ರಿ: ಮೊಣಕಾಲು, ಅಂಗೈ ಊರಿ, ಇಲ್ಲಾ ಮಂಚದ ಮ್ಯಾಲ ಎದಿ ಕೆಳಗ ದಿಂಬು ಇಟ್ಟು. ಸೊಂಟ ಎಡ-ಬಲ ಆಡಸ್ಲಿ. ಹೊಟ್ಟಿ ಭಾರ ಮುಂದ ಹೋಗೋದಕ್ಕ ನಡದ ಮ್ಯಾಲಿನ ಒತ್ತಡ ಹಗುರ ಆಗ್ತದ. ಮೊಣಕಾಲ ಕೆಳಗ ಮೆತ್ತಗ ಏನರೆ ಹಾಕ್ರಿ, ಇಲ್ಲಾಂದ್ರ ಐದು ನಿಮಿಷಕ್ಕ ಸಾಕು ಅಂತಾಳ.

ಇನ್ನೊಂದು, ಒಂದು ಕಾಲು ಕಾಲ್ಮಣಿ ಮ್ಯಾಲ ಇಟ್ಟು ಆ ಕಡೆ ಮೊಣಕಾಲಿಗೆ ಬಾಗಿ ಬಾಗಿ ಏಳೋದು. ಮಣಿ ಅರ್ಧ ಮೊಣಕಾಲಿಗಿಂತ ಎತ್ತರ ಬ್ಯಾಡ. ಮೂರು ಬ್ಯಾನಿ ಒಂದು ಕಡೆ, ಮೂರು ಬ್ಯಾನಿ ಇನ್ನೊಂದು ಕಡೆ. ಟೊಂಕ ಒಂದು ಬದಿಗೆ ಹೆಚ್ಚು ತೆರಿತದ, ತಲಿ ತಿರುಗಲಿಕ್ಕೆ ಜಾಗ ಸಿಗ್ತದ. ಕೈಗೆ ಹಿಡಕೊಳ್ಳಿಕ್ಕೆ ಏನರೆ ಇರಲೇಬೇಕು.

ಮಾಡಬಾರದ್ದು: ಜಿಗಿಯೋದು, ಕಾಲು ಬಡಿಯೋದು, ಸೊಂಟದ ಮ್ಯಾಲಿನ ಮೈ ತಿರುಚೋದು, ತೋಳು ತಲಿ ಮ್ಯಾಲ ಎತ್ತಿ ಬಹಳ ಹೊತ್ತು ಹಿಡಿಯೋದು. ಅಂಗಾತ ಮಲಗಿಸೋದಂತೂ ಬ್ಯಾಡ್ರಿ, ಗರ್ಭಚೀಲದ ಭಾರ ದೊಡ್ಡ ರಕ್ತನಾಳದ ಮ್ಯಾಲ ಬಿದ್ದು ತಾಯಿ ಬಿಪಿ ಇಳಿತದ, ಕೂಸಿಗೂ ರಕ್ತ ಕಡಿಮಿ. ಎಪ್ರಿಲ್–ಮೇ ತಿಂಗಳ ನಮ್ಮ ಬಿಸಲಿನಾಗ ಫ್ಯಾನಿನ ಕೆಳಗ ನಿಂತ್ರೂ ಬೆವರು ಸುರೀತದ. ಬ್ಯಾನಿ ನಡುವ ಮಜ್ಜಿಗಿ, ಎಳನೀರು, ತೆಳ್ಳನ ಅಂಬಲಿ ಕೊಡ್ರಿ. ಆಪರೇಷನ್ನಿನ ಲಕ್ಷಣ ಏನೂ ಇಲ್ಲದವ್ರಿಗೆ ಬಾಯಿ ಕಟ್ಟೋದು ಹಳೇ ಪದ್ಧತಿ. ಆದ್ರ ರೊಟ್ಟಿ-ಪಲ್ಯೆ ಹೊಟ್ಟಿ ತುಂಬ ಉಣಿಸಿ ನಿಲ್ಲಸಬ್ಯಾಡ್ರಿ, ವಾಂತಿ ಆಗ್ತದ.

ಪ್ರಸೂತಿ_ತಜ್ಞೆ (ಬೆಳಗಾವಿ)

ಉಪಯುಕ್ತ ಚರ್ಚೆ. ಆದರೆ ಯಾರಿಗೆ ಮಾಡಿಸಬಾರದು ಅನ್ನುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಿಮ್ಮ ಹದಿನೈದು ನಿಮಿಷದ ಪಾಠದಲ್ಲಿ ಐದು ನಿಮಿಷ ಇದಕ್ಕೇ ಇರಲಿ.

ನಿಲ್ಲಿಸುವ ಮುಂಚೆ ಮೂರು ಸಂಗತಿ ತಿಳಿದಿರಬೇಕು: ತಲೆ ಕೆಳಗಿದೆಯೇ, ನೀರು ಒಡೆದಿದೆಯೇ, ಕೂಸಿನ ಎದೆಬಡಿತ ಸರಿಯಿದೆಯೇ. ನೀರು ಒಡೆದಿದ್ದು ತಲೆ ಇನ್ನೂ ಮೇಲೆಯೇ ತೇಲುತ್ತಿದ್ದರೆ ಆಕೆ ನಿಲ್ಲಬಾರದು. ತಲೆ ಕೂತಿರದ ಜಾಗದಿಂದ ಹೊಕ್ಕುಳಬಳ್ಳಿ ಜಾರಿ ಬರುವ ಭಯ ನಿಜವಾದದ್ದು. ರಕ್ತಸ್ರಾವ, ಮಾಸು ಕೆಳಗಿರುವುದು, ಅಡ್ಡ ಅಥವಾ ಬುಡ ಮುಂದಾದ ಕೂಸು, ಅವಳಿ, 37 ವಾರ ತುಂಬದ ಬ್ಯಾನಿ, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ, ಬಿಪಿ 160/110 ಮುಟ್ಟಿದವರು, ಮ್ಯಾಗ್ನೀಷಿಯಂ ಸಲ್ಫೇಟ್ (ಫಿಟ್ಸ್ ತಡೆಯುವ ಔಷಧಿ) ನಡೆಯುತ್ತಿರುವವರು, ಇವರ್ಯಾರಿಗೂ ತೂಗಾಟ ಬೇಡ. ಬಿಪಿ 140/90 ದಾಟಿದವರ ವಿಷಯದಲ್ಲಿ ವೈದ್ಯರನ್ನು ಕೇಳದೆ ಎಬ್ಬಿಸಬೇಡಿ. ಹಿಂದೆ ಸಿಜೇರಿಯನ್ ಆಗಿದ್ದವರಿಗೆ ಎದೆಬಡಿತವನ್ನು ಬಿಡುವಿಲ್ಲದೆ ನೋಡಬೇಕು. ಅಂಥವರು ತಾಲೂಕು ಮಟ್ಟದಲ್ಲಿ ಇರಬೇಕೇ ಅನ್ನುವುದೇ ಮೊದಲ ಪ್ರಶ್ನೆ. ನೋವಿಗೆಂದು ಟ್ರಮಡಾಲ್, ಪೆಥಿಡಿನ್, ಫೆನರ್ಗನ್ ಕೊಟ್ಟಿದ್ದರೆ ತಲೆ ತಿರುಗಿ ಬೀಳುತ್ತಾರೆ. ಅವರಿಗೆ ಹಾಡು ಸಾಕು, ಮಗ್ಗುಲಾಗಿ ಮಲಗಿಯೇ ಕೇಳಲಿ. ಇಡೀ ಪಟ್ಟಿಯವರಿಗೂ ಅದೇ ಮಾತು: ನಿಲ್ಲುವುದು ಬೇಡ ಅಂದರೆ ಹಾಡು, ಕೈ ಸ್ಪರ್ಶ, ಉಸಿರು ಬೇಡ ಅಂತಲ್ಲ.

ಎದೆಬಡಿತ ಕೇಳುವುದನ್ನು ತೂಗಾಟದ ನೆಪದಲ್ಲಿ ತಪ್ಪಿಸಬೇಡಿ. ಸಕ್ರಿಯ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಬ್ಯಾನಿ ನಡೆದಿರುವಾಗ ಶುರು ಮಾಡಿ ಅದು ಇಳಿದ ಮೇಲೂ 30 ಸೆಕೆಂಡು, ಒಟ್ಟು ಕನಿಷ್ಠ ಒಂದು ನಿಮಿಷ. ಕೈ ಡಾಪ್ಲರ್ ಇದ್ದರೆ ನಿಂತಲ್ಲೇ ಕೇಳಬಹುದು, ಮಲಗಿಸಬೇಕಿಲ್ಲ. ನಿಮಿಷಕ್ಕೆ 110ಕ್ಕಿಂತ ಕಡಿಮೆ ಅಥವಾ 160ಕ್ಕಿಂತ ಹೆಚ್ಚು ಕಂಡರೆ ಎಡಮಗ್ಗುಲು ಮಲಗಿಸಿ ಮತ್ತೆ ಕೇಳಿ, ವೈದ್ಯರನ್ನು ಕರೆಯಿರಿ. ಹಸಿರು ನೀರು, ಬ್ಯಾನಿ ನಡುವೆಯೂ ಸಡಿಲಾಗದ ಹೊಟ್ಟೆ, ತಲೆನೋವು ಜೊತೆಗೆ ಕಣ್ಣು ಮಂಜು, ಚಳಿಜ್ವರ, ಇವು ಕಂಡ ಕ್ಷಣ ಹಾಡೂ ನಿಲ್ಲಲಿ. ಜೊತೆಗಾತಿಗೆ ಈ ನಾಲ್ಕನ್ನು ಬಾಯಿಪಾಠ ಮಾಡಿಸಿ. ಸಿಸ್ಟರ್ ಬೇರೆ ಟೇಬಲ್ಲಿನಲ್ಲಿ ಇದ್ದಾಗ ಕಣ್ಣಿಗೆ ಮೊದಲು ಬೀಳುವುದು ಆಕೆಗೇ.

ಪುರಾವೆಯ ವಿಷಯದಲ್ಲಿ ಸ್ವಲ್ಪ ತಣ್ಣಗಿರೋಣ. ವಿಶ್ವ ಆರೋಗ್ಯ ಸಂಸ್ಥೆ ನೋವು ತಗ್ಗಿಸಲು ಉಸಿರಾಟ, ಸಂಗೀತ, ಮಾಲೀಶು, ಬಿಸಿ ಶಾಖ ಇವನ್ನೆಲ್ಲ ಶಿಫಾರಸು ಮಾಡಿದೆ, ಹೆಣ್ಣಿನ ಆಯ್ಕೆಗೆ ಬಿಟ್ಟಂತೆ. ಅದರ ಹಿಂದಿನ ಸಂಗೀತದ ಅಧ್ಯಯನಗಳು ಚಿಕ್ಕವು. ಯಾರಿಗೆ ಹಾಡು ಕೇಳಿಸಿದೆ ಅನ್ನುವುದನ್ನು ಮರೆಮಾಚಲು ಸಾಧ್ಯವಿಲ್ಲವಾದ್ದರಿಂದ ನೋವಿನ ಅಂಕಗಳನ್ನು ಪೂರ್ತಿ ನಂಬಲಾಗದು. 2020ರಲ್ಲಿ ಟರ್ಕಿಯಿಂದ ಬಂದ ಅಧ್ಯಯನದಲ್ಲಿ ಕುಣಿತದ ಗುಂಪಿನಲ್ಲೂ ಸಂಗೀತದ ಗುಂಪಿನಲ್ಲೂ ನೋವು, ಭಯ ಎರಡೂ ಕಡಿಮೆ ಇದ್ದವು. ಗಟ್ಟಿ ಪುರಾವೆ ಇರುವುದು ಬೇರೆ ಎರಡಕ್ಕೆ. ಮೊದಲ ಹಂತದಲ್ಲಿ ನಿಂತು, ನಡೆದು ಇದ್ದವರಿಗೆ ಆ ಹಂತ ಸರಾಸರಿ ಒಂದು ಗಂಟೆ 22 ನಿಮಿಷ ಕಡಿಮೆಯಾಯಿತು ಎಂದು 2013ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಹೇಳುತ್ತದೆ. ಬಿಡದೆ ಜೊತೆಗೊಬ್ಬರು ಇದ್ದರೆ ಸಹಜ ಹೆರಿಗೆ ಹೆಚ್ಚು, ನೋವಿನ ಔಷಧಿ ಕಡಿಮೆ ಎಂದು 2017ರ ವಿಮರ್ಶೆ, 15,000ಕ್ಕೂ ಹೆಚ್ಚು ಹೆಂಗಸರ ಲೆಕ್ಕದಿಂದ. ಅಂದರೆ ತೂಗಾಟದ ಮುಕ್ಕಾಲು ಲಾಭ ನಿಲ್ಲುವುದರಿಂದ ಮತ್ತು ಒಬ್ಬರು ಹಿಡಿದುಕೊಂಡಿರುವುದರಿಂದ ಬರುತ್ತದೆ ಎಂದು ನನ್ನ ಅನಿಸಿಕೆ. ಹಾಡು ಆ ಇಬ್ಬರನ್ನೂ ಒಂದೇ ಲಯದಲ್ಲಿ ಇಡುತ್ತದೆ, ಜೊತೆಗಾತಿಯ ಗಾಬರಿಯನ್ನೂ ಇಳಿಸುತ್ತದೆ.

ಕೆಲಸ ಮಾಡುವ ಬಗೆ ಗೊತ್ತಿದ್ದರೆ ಮನೆಯವರಿಗೆ ವಿವರಿಸುವುದು ಸುಲಭ. ಹೆದರಿದಾಗ ಅಡ್ರಿನಲಿನ್ ಏರುತ್ತದೆ, ಅದು ಗರ್ಭಚೀಲದ ಸಂಕೋಚನವನ್ನು ಮಂದ ಮಾಡುತ್ತದೆ, ತಳದ ಸ್ನಾಯು ಬಿಗಿಯುತ್ತದೆ, ಬಿಗಿದದ್ದಕ್ಕೆ ನೋವು ಹೆಚ್ಚುತ್ತದೆ, ನೋವಿಗೆ ಮತ್ತೆ ಹೆದರಿಕೆ. ಇಂಗ್ಲೆಂಡಿನ ಪ್ರಸೂತಿ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಕಳೆದ ಶತಮಾನದ ಮೊದಲರ್ಧದಲ್ಲೇ ಈ ಸುತ್ತನ್ನು ವಿವರಿಸಿದ್ದರು. ನಡ ಒತ್ತುವುದಕ್ಕೆ ಬೇರೆ ದಾರಿ: ಒತ್ತಡದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಕ್ಕೆ ಬಾಗಿಲನ್ನು ಅರ್ಧ ಮುಚ್ಚುತ್ತವೆ, ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ಸಿದ್ಧಾಂತ ಇದು. ಆದ್ದರಿಂದಲೇ ಒತ್ತುವುದು ಬ್ಯಾನಿ ಪೂರ್ತಿ ಏರುವ ಮೊದಲೇ ಶುರುವಾಗಬೇಕು. ನೋವು ಪೂರ್ತಿ ಏರಿದ ಮೇಲೆ ಒತ್ತಿದರೆ ಹಲವರಿಗೆ ಅದೂ ಕಿರಿಕಿರಿಯೇ.

‘ಇದನ್ನು ಮಾಡಿದರೆ ಸಿಜೇರಿಯನ್ ತಪ್ಪುತ್ತದೆ’ ಎಂದು ಮಾತ್ರ ಯಾರಿಗೂ ಹೇಳಬೇಡಿ. ಸಿಜೇರಿಯನ್ ಆದವಳು ತಾನು ಸರಿಯಾಗಿ ಮಾಡಲಿಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ.

ಘಟಪ್ರಭಾ_ವಾರ್ಡ್

ಎಲ್ಲಾರಿಗೂ ಬಹಳ ಉಪಕಾರ ಆತ್ರಿ. ಎರಡು ಸಂಶಯ ಉಳಿದಾವ. ಆಕ್ಸಿಟೋಸಿನ್ (ಬ್ಯಾನಿ ಹೆಚ್ಚಿಸೋ ಔಷಧಿ) ಡ್ರಿಪ್ ಹಾಕಿದವರನ್ನ ನಿಲ್ಲಿಸಬಹುದಾ? ಮತ್ತೆ, ಪೂರ್ತಿ ತೆರೆದ ಮೇಲೂ ತೂಗಾಟ ಬಿಡಲಿಕ್ಕೆ ಒಪ್ಪದಿದ್ದರೆ ಏನು ಮಾಡಬೇಕು? ಮತ್ತೊಂದು, ವಯಸ್ಸಾದ ಅತ್ತೆಯವರು ‘ಹಡಿಯೋ ಹೊತ್ತಿನಾಗ ಇದೇನು ಕುಣಿತ’ ಅಂತ ಬಾಗಿಲಲ್ಲೇ ತಡೀತಾರ.

ಪ್ರಸೂತಿ_ತಜ್ಞೆ (ಬೆಳಗಾವಿ)

ಡ್ರಿಪ್ ಇದ್ದಾಗ ಟೇಬಲ್ಲಿನ ಪಕ್ಕದಲ್ಲೇ ನಿಲ್ಲಬಹುದು, ಚೆಂಡಿನ ಮೇಲೆ ಕೂರಬಹುದು, ಮೂರು ಷರತ್ತಿನ ಮೇಲೆ: ಹನಿ ಎಣಿಸಿ ಬಿಟ್ಟಿರಬೇಕು, 10 ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಬ್ಯಾನಿ ಬರುತ್ತಿರಬಾರದು, ಎದೆಬಡಿತವನ್ನು ಹೆಚ್ಚು ಸಲ ಕೇಳಲು ಒಬ್ಬ ಸಿಸ್ಟರ್ ಪಕ್ಕದಲ್ಲೇ ಇರಬೇಕು. ನಿಮ್ಮ ಪಾಳಿಯಲ್ಲಿ ಅಷ್ಟು ಜನ ಇಲ್ಲದಿದ್ದರೆ ಬೇಡ. ಸ್ಟ್ಯಾಂಡನ್ನು ಕ್ಯಾನುಲಾ ಇರುವ ಕೈಯ ಕಡೆಗೇ ಇಡಿ. ಸೊಂಟ ತಿರುಗಿಸುವಾಗ ಪೈಪು ಸುತ್ತಿಕೊಂಡು ಸೂಜಿ ಕೀಳುವುದು ಸಾಮಾನ್ಯ.

ಮಾರ್ಕಂಡೇಯ_ದಂಡಿ (ಬೆಳಗಾವಿ, ಮಿಡ್‌ವೈಫರಿ ತರಬೇತಿ)

ಅತ್ತೆಯವರ ಜೊತೆ ವಾದ ಬೇಡ, ಕೆಲಸ ಕೊಡಿ. ‘ಅತ್ತಿಯವ್ರ, ನಿಮ್ಮ ಅಂಗೈ ಗಟ್ಟಿ ಅದಾವ, ಇಲ್ಲಿ ಒತ್ತ್ರಿ’ ಅಂತ ತ್ರಿಕಾಸ್ಥಿಯ ಮೇಲೆ ಅವರ ಕೈ ಇಡಿಸಿ. ಎರಡು ಬ್ಯಾನಿಗೆ ಸೊಸೆ ಮೊಗದಲ್ಲಿ ವ್ಯತ್ಯಾಸ ಕಂಡರೆ ಮೂರನೆಯದಕ್ಕೆ ಅವರೇ ಹಾಡು ತೆಗೀತಾರೆ. ಒಪ್ಪದಿದ್ದರೆ ಬಿಡಿ, ಜೊತೆಗಾತಿ ಯಾರಿರಬೇಕು ಅನ್ನೋದು ಹಡೆಯುವವಳ ಆಯ್ಕೆ. ಆಕೆಯನ್ನು ಒಬ್ಬಳೇ ಇದ್ದಾಗ ಕೇಳಿ, ಮನೆಮಂದಿ ಎದುರಿಗೆ ಕೇಳಬೇಡಿ.

ಪೂರ್ತಿ ತೆರೆದ ಮೇಲೆ ತೂಗಾಟ ತಾನಾಗಿಯೇ ನಿಲ್ತದೆ. ಕಾಲು ನಡುಗ್ತಾವೆ, ಮೊಣಕಾಲು ಮಡಚಿ ಕೆಳಗೆ ಕೂರಲಿಕ್ಕೆ ನೋಡ್ತಾಳೆ, ಉಸಿರು ಅರ್ಧಕ್ಕೆ ತಡೆದು ಮುಕ್ಕುತ್ತಾಳೆ. ನಿಂತ ನಿಲುವಿನಲ್ಲಿ ಈ ಗುರುತು ಕಂಡ ಕೂಡಲೇ ಟೇಬಲ್ಲಿಗೆ ಕರೆಯಿರಿ, ಎರಡನೇ ಅಥವಾ ಮೂರನೇ ಹೆರಿಗೆಯವರನ್ನಂತೂ ಅದಕ್ಕೂ ಮೊದಲೇ. ಅವರಿಗೆ 8ರಿಂದ 10 ಆಗೋದು ಕೆಲವೇ ಬ್ಯಾನಿಗಳ ಮಾತು, ವರಾಂಡದಲ್ಲೇ ಹೆರಿಗೆಯಾಗಬಾರದು. ಮುಕ್ಕುವ ಆಸೆ ಇನ್ನೂ ಬಂದಿಲ್ಲ, ಎದೆಬಡಿತ ಚೆನ್ನಾಗಿದೆ ಅಂದ್ರೆ ಅವಸರ ಬೇಡ, ಬಲವಂತವಾಗಿ ಮುಕ್ಕಿಸಬೇಡಿ, ಟೇಬಲ್ಲಿಗೆ ಒರಗಿ ಇನ್ನಷ್ಟು ಹೊತ್ತು ಸೊಂಟ ಆಡಿಸಲಿ. ಇಲ್ಲಿಂದ ಎದೆಬಡಿತ 5 ನಿಮಿಷಕ್ಕೊಮ್ಮೆ. ಟೇಬಲ್ ಹತ್ತಿದ ಮೇಲೆ ಜೊತೆಗಾತಿ ಕಾಲದಿಸೆಗೆ ಬರಬಾರದು, ತಲೆ ಹತ್ತಿರವೇ ನಿಂತು ಬೆನ್ನಿಗೆ ಕೈಕೊಟ್ಟು ಎಬ್ಬಿಸಿದಂತೆ ಹಿಡೀಲಿ. ಹಾಡು ನಿಲ್ಲಿಸಿ ಸಿಸ್ಟರ್ ಹೇಳಿದ ಮಾತನ್ನೇ ಆಕೆಯ ಕಿವಿಯಲ್ಲಿ ಮತ್ತೊಮ್ಮೆ ಹೇಳಲಿ, ಬೇರೆ ಏನೂ ಸೇರಿಸಬಾರದು. ಸುತ್ತಲೂ ನಾಲ್ಕು ಮಂದಿ ‘ಮುಕ್ಕು, ಮುಕ್ಕು’ ಅಂತ ಕೂಗಿದರೆ ಯಾರ ಮಾತೂ ಕೇಳಿಸೋದಿಲ್ಲ.